ಹೈಡ್ರೋಜನ್-ಗಾಳಿಯಲ್ಲಿ ಅಲ್ಯೂಮಿನಿಯಂ ಧೂಳು: ಡಿಟೊನೇಶನ್ ಬೆನ್ನಿಗೇ ಇನ್ನೊಂದು ಒತ್ತಡದ ಜಿಗಿತ ಬರುತ್ತಿದೆ. ನಿಜವೋ, ಕೋಡಿನ ತೊಂದರೆಯೋ?

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ, ಕೆಲಸ ಹೈಬ್ರಿಡ್ ಡಿಟೊನೇಶನ್ (ಶಾಕ್, ಅಂದರೆ ಹಠಾತ್ ಒತ್ತಡದ ಅಲೆ, ಮುಂದೆ ಮಾಡಿಕೊಂಡು ಶಬ್ದಕ್ಕಿಂತ ವೇಗವಾಗಿ ಸಾಗುವ ಉರಿ) ಮೇಲೆ. ಹೈಬ್ರಿಡ್ ಅಂದರೆ ಅನಿಲವೂ ಉರಿಯುವಂಥದ್ದು, ಅದರಲ್ಲಿ ತೇಲುತ್ತಿರುವ ಧೂಳೂ ಉರಿಯುವಂಥದ್ದು. ಒಂದು ಆಯಾಮದ ಕೋಡ್ ನಾನೇ ಬರೆದಿದ್ದೇನೆ. ಅದರಲ್ಲಿ ಕಾಣುತ್ತಿರುವ ಒಂದು ಸಂಗತಿಯನ್ನು ನಂಬಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಕೊಳವೆ ಆರು ಮೀಟರ್ ಉದ್ದ, ಎಡತುದಿ ಮುಚ್ಚಿದೆ. ಒಳಗೆ ಸ್ಟಾಯ್ಕಿಯೊಮೆಟ್ರಿಕ್ (ಇಂಧನಕ್ಕೆ ಸರಿಯಾಗಿ ಬೇಕಾದಷ್ಟೇ ಆಮ್ಲಜನಕ ಇರುವ) ಹೈಡ್ರೋಜನ್-ಗಾಳಿ, ವಾತಾವರಣದ ಒತ್ತಡ, ಕೋಣೆಯ ತಾಪ. ಧೂಳು 10 ಮೈಕ್ರಾನಿನ ಗುಂಡನೆಯ ಅಲ್ಯೂಮಿನಿಯಂ ಕಣ, ಘನ ಮೀಟರಿಗೆ 100 ಗ್ರಾಂ. ಅನಿಲಕ್ಕೆ ಆಯ್ಲರ್ ಸಮೀಕರಣ (ಸ್ನಿಗ್ಧತೆ ಬಿಟ್ಟ ಹರಿವಿನ ಲೆಕ್ಕ), ಅದನ್ನು ಬಿಡಿಸಲು ಎಚ್‌ಎಲ್‌ಎಲ್‌ಸಿ ಫ್ಲಕ್ಸ್. ಕಣಗಳನ್ನು ಒತ್ತಡವಿಲ್ಲದ ಇನ್ನೊಂದು ಫ್ಲೂಯಿಡ್ ಎಂದುಕೊಂಡಿದ್ದೇನೆ. ಎರಡರ ನಡುವೆ ಡ್ರ್ಯಾಗ್, ಶಾಖ, ಉರಿದಾಗ ದ್ರವ್ಯರಾಶಿ ವಿನಿಮಯವಾಗುತ್ತವೆ. ಅನಿಲಕ್ಕೆ ಒಂದೇ ಹಂತದ ರಾಸಾಯನಿಕ ಕ್ರಿಯೆ. ಕಣದ ತಾಪ 1350 ಕೆಲ್ವಿನ್ ಮುಟ್ಟಿದೊಡನೆ ಉರಿ ಶುರು, ಅಲ್ಲಿಂದ ವ್ಯಾಸದ ವರ್ಗದ ನಿಯಮ (ಉರಿಯುವ ಕಾಲ ವ್ಯಾಸದ ವರ್ಗಕ್ಕೆ ತಕ್ಕಂತೆ). ಸ್ಥಿರಾಂಕ ಚದರ ಮೀಟರಿಗೆ 40 ಲಕ್ಷ ಸೆಕೆಂಡ್ ಇಟ್ಟಿದ್ದೇನೆ, ಹಾಗಾಗಿ 10 ಮೈಕ್ರಾನಿನ ಕಣ ಪೂರ್ತಿ ಉರಿಯಲು ಸುಮಾರು 0.4 ಮಿಲಿಸೆಕೆಂಡ್ ಬೇಕು. ಅಲ್ಯೂಮಿನಿಯಂ ಶಾಖ ಕೆಜಿಗೆ 31 ಮೆಗಾಜೂಲ್. ಎಡತುದಿಯ 10 ಸೆಂ.ಮೀ. ಜಾಗದಲ್ಲಿ ಬಿಸಿಯಾದ, ಒತ್ತಡ ಹೆಚ್ಚಿರುವ ಅನಿಲ ಇಟ್ಟು ಹೊತ್ತಿಸುತ್ತೇನೆ.

ಮುಂದಿನ ಫ್ರಂಟ್ (ಅಲೆಯ ಮುಂಚೂಣಿ) ಸುಮಾರು 1940 ಮೀಟರ್/ಸೆಕೆಂಡ್ ವೇಗದಲ್ಲಿ ಹೋಗುತ್ತಿದೆ. ಧೂಳಿಲ್ಲದ ಅನಿಲದ ಸಿಜೆ (ಚಾಪ್ಮನ್-ಜೂಗೆ, ಅಂದರೆ ಡಿಟೊನೇಶನ್ ತಾನಾಗಿ ನೆಲೆಗೊಳ್ಳುವ) ವೇಗ 1970ರ ಆಸುಪಾಸು, ಆದ್ದರಿಂದ ಅದು ಸರಿಯೆನಿಸುತ್ತದೆ. ತಲೆಬಿಸಿ ಅದರ ಹಿಂದಿನದು. ಒತ್ತಡ ಮೇಲೇರಿ ಇಳಿದು, 7-8 ಸೆಂ.ಮೀ. ಹಿಂದೆ ಮತ್ತೆ ಏರುತ್ತದೆ. ಮೊದಲು ಸಣ್ಣ ಉಬ್ಬು, ಫ್ರಂಟ್ ಕೊಳವೆಯ ನಡುಭಾಗ ದಾಟುವಷ್ಟರಲ್ಲಿ ಅದು ಚೂಪಾಗಿ ಶಾಕ್ ಥರವೇ ಆಗುತ್ತದೆ. ಲ್ಯಾಬಿನ ಸೀನಿಯರ್ ಒಬ್ಬರು ಇದು ಹರಿವು, ರಾಸಾಯನಿಕ ಕ್ರಿಯೆಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುವ ಆಪರೇಟರ್ ಸ್ಪ್ಲಿಟಿಂಗ್‌ನಿಂದ ಬಂದ ಗದ್ದಲ, ಮೊದಲು ಅದನ್ನು ಹೋಗಲಾಡಿಸಿ ಅಂದರು. ನನಗೆ ಹಾಗನ್ನಿಸುತ್ತಿಲ್ಲ, ಆದರೆ ಅಲ್ಲವೆಂದು ತೋರಿಸುವುದು ಹೇಗೆ? ಗೊತ್ತಿದ್ದವರು ದಾರಿ ತೋರಿಸಿ.


ಗ್ರಿಡ್‌ಗಾರ

ಗ್ರಿಡ್ ಸೆಲ್ (ಲೆಕ್ಕಕ್ಕೆ ಕೊಳವೆಯನ್ನು ಕತ್ತರಿಸಿದ ತುಂಡು) ಅಳತೆ ಎಷ್ಟು ಅಂತ ಬರೆದಿಲ್ಲ. ಈ ಮಿಶ್ರಣದ ಇಂಡಕ್ಷನ್ ಉದ್ದ (ಶಾಕ್ ಆದ ಜಾಗದಿಂದ ಉರಿ ಶುರುವಾಗುವವರೆಗಿನ ದೂರ) ಸುಮಾರು 0.2 ಮಿ.ಮೀ. ಅದರೊಳಗೆ ಇಪ್ಪತ್ತು ಸೆಲ್ ಬೇಕೆಂದರೆ 10 ಮೈಕ್ರಾನಿಗೆ ಬರುತ್ತದೆ, ಆರು ಮೀಟರಿಗೆ ಆರು ಲಕ್ಷ ಸೆಲ್. 1-ಡಿಯಲ್ಲಿ ಇದೇನೂ ಭಾರವಲ್ಲ. ಸೆಲ್ ಅರ್ಧ ಮಾಡಿ, ಟೈಮ್ ಸ್ಟೆಪ್ಪೂ ಅರ್ಧ ಮಾಡಿ ಓಡಿಸಿ. ಎರಡನೇ ಜಿಗಿತದ ಎತ್ತರ, ದೂರ ಎರಡೂ ಕದಲದಿದ್ದರೆ ಸ್ಪ್ಲಿಟಿಂಗ್ ಮೇಲಿನ ಆರೋಪ ಬಿದ್ದುಹೋಗುತ್ತದೆ.

ಇನ್ನೊಂದು. ಒತ್ತಡವಿಲ್ಲದ ಕಣ-ಫ್ಲೂಯಿಡ್‌ನಲ್ಲಿ ಹಿಂದಿನ ಕಣ ಮುಂದಿನದನ್ನು ಹಿಂದಿಕ್ಕುವ ಹಾಗಿಲ್ಲ. ಹಾಗಾಗುವ ಕಡೆ ಎಲ್ಲ ದ್ರವ್ಯರಾಶಿ ಒಂದೇ ಸೆಲ್‌ನಲ್ಲಿ ಗುಡ್ಡೆ ಬೀಳುತ್ತದೆ. ಕಣಸಾಂದ್ರತೆಯ ಚಿತ್ರದಲ್ಲಿ ಒಂದು ಸೆಲ್ ಅಗಲದ ಸೂಜಿ ಕಂಡರೆ ಎಚ್ಚರ. ಅದು ಇಲ್ಲದಿದ್ದರೆ ಮುಂದಿನದು ಭೌತಶಾಸ್ತ್ರದ ಪ್ರಶ್ನೆ, ಅದನ್ನು ಬಲ್ಲವರು ಹೇಳಲಿ.


ಹಳೇ ಶಾಕ್‌ಟ್ಯೂಬ್

ಬೆಣ್ಣೆನಗರಿಯವರೇ, ಅದನ್ನು ದಯವಿಟ್ಟು ಹೋಗಲಾಡಿಸಬೇಡಿ. ನೀವು ನೋಡುತ್ತಿರುವುದಕ್ಕೆ ಹೆಸರಿದೆ: ಡಬಲ್ ಫ್ರಂಟ್ ಡಿಟೊನೇಶನ್. ಫ್ರಾನ್ಸಿನ ಪೊಯಿಟಿಯೇ ಲ್ಯಾಬಿನಲ್ಲಿ ವೆಸಿಯೇರ್ ಅವರ ಗುಂಪು ಅನಿಲ ಮಿಶ್ರಣಗಳಲ್ಲಿ ಅಲ್ಯೂಮಿನಿಯಂ ತೇಲಿಸಿ ಪ್ರಯೋಗ ಮಾಡಿ ಇದನ್ನು ಗೋಡೆಯ ಪ್ರೆಶರ್ ಗೇಜ್‌ಗಳಲ್ಲಿ ಹಿಡಿದಿತ್ತು. ಆಮೇಲೆ 1991ರಲ್ಲಿ ವೆಸಿಯೇರ್ ಮತ್ತು ಖಸಾಯಿನೊವ್ ಇದಕ್ಕೊಂದು ಸ್ಥಿರ, ಸಮತಲ ಮಾದರಿಯನ್ನೂ ಕಟ್ಟಿದರು. ನಿಮ್ಮ 1350 ಕೆಲ್ವಿನ್, ನಿಮ್ಮ 40 ಲಕ್ಷ, ಎರಡೂ ಆ ಪರಂಪರೆಯಿಂದಲೇ ಬಂದ ಸಂಖ್ಯೆಗಳು. ಆದರೂ ನಿಮ್ಮ ಕೋಡಿನಲ್ಲಿರುವುದು ಅದೇ ಎಂದು ನೀವು ತೋರಿಸಿಕೊಡಬೇಕು. ಅದು ಆಗುವ ಕೆಲಸ.

ಮೊದಲು ಅದು ಯಾಕೆ ಹುಟ್ಟುತ್ತದೆ ನೋಡೋಣ. ಜೆಲ್ಡೋವಿಚ್, ಫಾನ್ ನಾಯ್ಮನ್, ಡೋರಿಂಗ್ 1940ರಿಂದ 43ರ ಒಳಗೆ ಬೇರೆ ಬೇರೆಯಾಗಿ ಕೊಟ್ಟ ಚಿತ್ರದಲ್ಲಿ ಶಾಕ್ ಆದ ಮೇಲೆ ಶಾಖ ಬಿಡುಗಡೆ ಒಂದೇ ದಿಕ್ಕಿನದು: ಬಿಡುಗಡೆಯಾಗುತ್ತಾ ಹೋಗುತ್ತದೆ, ಮುಗಿಯುತ್ತದೆ, ಮುಗಿದ ಕಡೆ ಹರಿವು ಫ್ರಂಟಿಗೆ ಹೋಲಿಸಿದರೆ ಸರಿಯಾಗಿ ಶಬ್ದದ ವೇಗಕ್ಕೆ ಬಂದಿರುತ್ತದೆ. ನಿಮ್ಮಲ್ಲಿ ಹಾಗಲ್ಲ. ಹೈಡ್ರೋಜನ್ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಶಾಖ ಕೊಟ್ಟು ಮುಗಿಸುತ್ತದೆ. ಆಗ ಕಣಗಳಿನ್ನೂ ತಣ್ಣಗಿವೆ, ಬಹುಪಾಲು ನಿಂತಲ್ಲೇ ಇವೆ. ಅನಿಲ ಅವುಗಳನ್ನು ಎಳೆಯಬೇಕು, ಕಾಯಿಸಬೇಕು. ಅಂದರೆ ಕೊಟ್ಟ ಶಾಖದಲ್ಲಿ ಒಂದಿಷ್ಟು ವಾಪಸ್ ಹೋಗುತ್ತದೆ. ಕೊಡುವುದೂ ಕಳೆಯುವುದೂ ಸಮವಾಗುವ ಜಾಗದಲ್ಲಿ ಮೊದಲ ಸೋನಿಕ್ ಪ್ಲೇನ್ (ಹರಿವು ಶಬ್ದದ ವೇಗ ಮುಟ್ಟುವ ಜಾಗ) ಬೀಳುತ್ತದೆ. ಅದರ ಹಿಂದೆ ಹರಿವು ಫ್ರಂಟಿಗೆ ಹೋಲಿಸಿದರೆ ಸೂಪರ್‌ಸೋನಿಕ್. ಅಷ್ಟರಲ್ಲಿ ಕಣಗಳು ಹೊತ್ತಿಕೊಂಡು ಎರಡನೇ ಸಲ ಶಾಖ ಬರುತ್ತದೆ. ಆ ಶಾಖದ ಸುದ್ದಿ ಸೋನಿಕ್ ಪ್ಲೇನ್ ದಾಟಿ ಮುಂದೆ ಹೋಗಲಾರದು. ಅಲ್ಲೇ ಒತ್ತಡ ಕಟ್ಟಿಕೊಂಡು ಎರಡನೇ ಶಾಕ್ ಆಗುತ್ತದೆ, ಅದಕ್ಕೊಂದು ಸ್ವಂತ ಸಿಜೆ ಪ್ಲೇನ್ ಹಿಂದೆ. ಎರಡೂ ಫ್ರಂಟ್ ಒಂದೇ ವೇಗದಲ್ಲಿ, ನಡುವಿನ ಅಂತರ ಕಾಯ್ದುಕೊಂಡು ಸಾಗುತ್ತವೆ. ಮುಂದಿನ ಫ್ರಂಟಿಗೆ ಅಲ್ಯೂಮಿನಿಯಂನಿಂದ ಲಾಭ ಏನೂ ಇಲ್ಲ, ಇದ್ದದ್ದರಲ್ಲಿ ಸ್ವಲ್ಪ ನಷ್ಟವೇ. ನಿಮ್ಮ 1940 ಆ ನಷ್ಟವನ್ನೇ ಹೇಳುತ್ತಿದೆ.

ಕಣ ತೀರಾ ಸಣ್ಣದಾದರೆ ಸೋನಿಕ್ ಪ್ಲೇನ್‌ಗಿಂತ ಮುಂಚೆಯೇ ಉರಿದು, ಎರಡೂ ಫ್ರಂಟ್ ಕೂಡಿ ಒಂದಾಗಿ, ವೇಗ ಅನಿಲದ ಸಿಜೆಗಿಂತ ಮೇಲೆ ಹೋಗಬೇಕು. ಕಣ ದಪ್ಪವಾದರೆ ಉರಿ ಎಲ್ಲೋ ಹಿಂದೆ ಉಳಿದು, ಎರಡನೇ ಫ್ರಂಟ್ ಕಟ್ಟಿಕೊಳ್ಳುವುದೇ ಇಲ್ಲ. ಹೀಗೆ ಒಂದೇ ಮಿಶ್ರಣಕ್ಕೆ ಮೂರು ಬಗೆ. ನಿಮ್ಮ ಕೋಡ್ ಈ ಮೂರನ್ನೂ ತೋರಿಸಬೇಕು, ಅದೂ ವ್ಯಾಸ ಒಂದನ್ನೇ ಬದಲಿಸಿದಾಗ. 2 ಮೈಕ್ರಾನ್ ಹಾಕಿ ನೋಡಿ, 30 ಹಾಕಿ ನೋಡಿ. ಸ್ಪ್ಲಿಟಿಂಗ್ ಗದ್ದಲಕ್ಕೆ ಕಣದ ವ್ಯಾಸ ತಿಳಿಯುವುದಿಲ್ಲ.

ಅದಕ್ಕೂ ಮುಂಚೆ ಕಣಗಳ ಉರಿಯನ್ನು ಆಫ್ ಮಾಡಿ ಒಮ್ಮೆ ಓಡಿಸಿ. ಡ್ರ್ಯಾಗ್ ಇರಲಿ, ಕಣ ಬಿಸಿಯಾಗುವುದು ಇರಲಿ. ಆಗ ಜಿಗಿತ ಮಾಯವಾಗಬೇಕು. ಮಾಯವಾಗದಿದ್ದರೆ ನೀವು ನೋಡುತ್ತಿರುವುದು ಹೊತ್ತಿಸಿದ ರೀತಿಯ ಉಳಿಕೆ. ಎಡತುದಿಯಲ್ಲಿ ಜೋರಾಗಿ ಹೊತ್ತಿಸಿದ್ದು ಫ್ರಂಟಿನ ಬೆನ್ನಿಗೆ ಸಣ್ಣ ಅಲೆಗಳನ್ನು ಬಿಟ್ಟಿರುತ್ತದೆ, ಇದನ್ನು ಎರಡನೇ ಫ್ರಂಟ್ ಎಂದುಕೊಂಡವರಿದ್ದಾರೆ. ಎರಡನ್ನೂ ಬೇರೆ ಮಾಡುವ ಗುರುತು ಅಂತರದಲ್ಲಿದೆ: ಉಳಿಕೆಯ ಅಲೆ ಸೋನಿಕ್ ಪ್ಲೇನ್‌ಗೆ ಬರಲಾರದೆ ದಿನೇದಿನೇ, ಅಂದರೆ ಮೀಟರಿಗೆ ಮೀಟರ್, ಹಿಂದೆ ಬೀಳುತ್ತಲೇ ಹೋಗುತ್ತದೆ. ಡಬಲ್ ಫ್ರಂಟ್‌ನ ಅಂತರ ನೆಲೆಗೊಳ್ಳುತ್ತದೆ. ಅದಕ್ಕೆ ಆರು ಮೀಟರ್ ಸಾಲದೇ ಇರಬಹುದು, ಹನ್ನೆರಡು ಮಾಡಿ. ಹೊತ್ತಿಸುವ ಶಕ್ತಿಯನ್ನೂ ಅರ್ಧ ಮಾಡಿ ನೋಡಿ.

ಈಗ ನನ್ನದೊಂದು ತಕರಾರು. ಕೆಜಿಗೆ 31 ಮೆಗಾಜೂಲ್ ಎಲ್ಲಿಂದ ಬರುತ್ತದೆ? ಅದು ಅಲ್ಯೂಮಿನಿಯಂ ಆಮ್ಲಜನಕದಲ್ಲಿ ಉರಿದಾಗಿನ ಲೆಕ್ಕ. ನಿಮ್ಮ ಮಿಶ್ರಣ ಸ್ಟಾಯ್ಕಿಯೊಮೆಟ್ರಿಕ್. ಕಣ ಹೊತ್ತಿಕೊಳ್ಳುವ ಹೊತ್ತಿಗೆ ಆಮ್ಲಜನಕವನ್ನು ಹೈಡ್ರೋಜನ್ ತಿಂದು ಮುಗಿಸಿದೆ, ಉಳಿದಿರುವುದು ನೀರಾವಿ. ಅಲ್ಯೂಮಿನಿಯಂ ನೀರಾವಿಯಲ್ಲಿ ಚೆನ್ನಾಗಿಯೇ ಉರಿಯುತ್ತದೆ, ಆದರೆ ಅಲ್ಲಿ ನೀರನ್ನು ಒಡೆಯುವ ಖರ್ಚಿದೆ. ಎರಡು ಮೋಲ್ ಅಲ್ಯೂಮಿನಿಯಂ ಮೂರು ಮೋಲ್ ಆವಿಯೊಂದಿಗೆ ಸೇರಿದರೆ ಆಕ್ಸೈಡಿನ 1676 ಕಿಲೋಜೂಲ್‌ನಿಂದ ಆವಿಯ 726 ಕಳೆದು 950 ಉಳಿಯುತ್ತದೆ. ಕೆಜಿಗೆ 17.6 ಮೆಗಾಜೂಲ್. ನೀವು ಇಟ್ಟಿರುವುದಕ್ಕಿಂತ ನಲವತ್ತು ಪರ್ಸೆಂಟಿಗಿಂತ ಜಾಸ್ತಿಯೇ ಕಮ್ಮಿ. ಆವಿ ಸಾಕೇ? ನಿಮ್ಮ ಒಂದು ಘನ ಮೀಟರಿನಲ್ಲಿ ಸುಮಾರು 12 ಮೋಲ್ ಆವಿ ಹುಟ್ಟುತ್ತದೆ, 100 ಗ್ರಾಂ ಲೋಹಕ್ಕೆ ಬೇಕಿರುವುದು ಐದೂವರೆ ಮೋಲ್. ಸಾಕು. ಒಂದು ಅನುಕೂಲವೂ ಇದೆ: ಆಮ್ಲಜನಕದಲ್ಲಿ ಉರಿದರೆ ಅನಿಲದ ಮೋಲ್‌ಗಳು ಘನ, ದ್ರವ ಆಕ್ಸೈಡಾಗಿ ಕರಗಿಹೋಗುತ್ತವೆ. ಆವಿಯಲ್ಲಿ ಉರಿದರೆ ಮೂರು ಮೋಲ್ ಆವಿಗೆ ಮೂರು ಮೋಲ್ ಹೈಡ್ರೋಜನ್ ವಾಪಸ್ ಸಿಗುತ್ತದೆ. ಒತ್ತಡದ ಲೆಕ್ಕದಲ್ಲಿ ಇದು ಸಣ್ಣ ಮಾತಲ್ಲ.

ಕೊನೆಯದಾಗಿ ಕಣದ ತಾಪಕ್ಕೂ ಕಾಲಕ್ಕೂ ಒಂದು ಗ್ರಾಫ್ ತೆಗೆಯಿರಿ. 933 ಕೆಲ್ವಿನ್‌ನಲ್ಲಿ ಗೆರೆ ಒಂದು ಮೆಟ್ಟಿಲು ಹಾಗೆ ಮಲಗಬೇಕು. ಅಲ್ಯೂಮಿನಿಯಂ ಅಲ್ಲಿ ಕರಗುತ್ತದೆ, ಕೆಜಿಗೆ 397 ಕಿಲೋಜೂಲ್ ನುಂಗುತ್ತದೆ. ಕೋಣೆಯ ತಾಪದಿಂದ 1350ಕ್ಕೆ ಹೋಗಲು ಬೇಕಾದ ಒಟ್ಟು ಶಾಖದಲ್ಲಿ ಅದು ಸುಮಾರು ಕಾಲು ಭಾಗ. ಮೆಟ್ಟಿಲು ಕಾಣದಿದ್ದರೆ ನಿಮ್ಮ ಕಣ ಬೇಗ ಹೊತ್ತಿಕೊಳ್ಳುತ್ತಿದೆ, ಎರಡನೇ ಫ್ರಂಟ್ ಇರಬೇಕಾದ್ದಕ್ಕಿಂತ ಮುಂದಿದೆ.


ಬೆಣ್ಣೆನಗರಿ

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕೃತಜ್ಞತೆಗಳು. ಒಂದೊಂದಾಗಿ ಮಾಡಿ ನೋಡಿದೆ.

ಸೆಲ್ ಅರ್ಧ ಮಾಡಿದಾಗ ಜಿಗಿತ ಕದಲಲಿಲ್ಲ. ಕಣಸಾಂದ್ರತೆಯಲ್ಲಿ ಸೂಜಿಯೂ ಇಲ್ಲ. ಉರಿ ಆಫ್ ಮಾಡಿದ ಓಟದಲ್ಲಿ ಒತ್ತಡ ನಯವಾಗಿ ಇಳಿಯುತ್ತದೆ, ಉಬ್ಬಿನ ಸುಳಿವೇ ಇಲ್ಲ. 17.6 ಹಾಕಿದ ಮೇಲೆ ಎರಡನೇ ಫ್ರಂಟ್ ಉಳಿಯಿತು, ಎತ್ತರ ಚೆನ್ನಾಗಿಯೇ ತಗ್ಗಿತು, ದೂರ ಮಾತ್ರ ಅಷ್ಟಾಗಿ ಬದಲಾಗಲಿಲ್ಲ. ಕರಗುವ ಶಾಖ ಸೇರಿಸಿದಾಗ ದೂರ ಹೆಚ್ಚಾಯಿತು. ಹನ್ನೆರಡು ಮೀಟರಿನಲ್ಲಿ ಅಂತರ ನೆಲೆಗೊಳ್ಳುತ್ತಿದೆ. 2 ಮೈಕ್ರಾನಿಗೆ ಎರಡೂ ಕೂಡಿಕೊಂಡು ವೇಗ 1970 ದಾಟಿತು, 30ಕ್ಕೆ ಎರಡನೇ ಫ್ರಂಟ್ ಮೂಡಲೇ ಇಲ್ಲ.

ಒಂದೇ ಒಂದು ಕಸಿವಿಸಿ. ಸುಮ್ಮನೆ ಕುತೂಹಲಕ್ಕೆ ಹೊತ್ತಿಕೊಳ್ಳುವ ತಾಪವನ್ನು 1350ರಿಂದ 2300ಕ್ಕೆ ಏರಿಸಿದೆ. ಎರಡನೇ ಫ್ರಂಟ್ ದುಪ್ಪಟ್ಟಿಗೂ ಹಿಂದೆ ಸರಿದು ಮೊಂಡಾಯಿತು. ಅಷ್ಟೊಂದು ಬದಲಾದರೆ ನಾನು ಯಾವುದನ್ನು ಫಲಿತಾಂಶ ಎಂದು ಬರೆಯಲಿ?


ಧನಬಾದ್ ಕನ್ನಡಿಗ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮೆ ಇರಲಿ. ನನ್ನ ಊರು ಸಿಂದಗಿ, ಕೆಲಸ ಇಲ್ಲಿ ಕಲ್ಲಿದ್ದಲು ಗಣಿಗಳ ಸುರಕ್ಷತೆಯಲ್ಲಿ. ನಮ್ಮ ಪಾಲಿಗೆ ಹೈಬ್ರಿಡ್ ಅಂದರೆ ಮೀಥೇನ್ ಮತ್ತು ಕಲ್ಲಿದ್ದಲ ಧೂಳು. ಕಥೆ ಹಳೆಯದು. ಇಂಗ್ಲೆಂಡಿನ ಹ್ಯಾಸ್ವೆಲ್ ಗಣಿ 1844ರಲ್ಲಿ ಸ್ಫೋಟಿಸಿದಾಗ ಫ್ಯಾರಡೆ ಮತ್ತು ಲಯೆಲ್ ಅಲ್ಲಿಗೆ ಹೋಗಿ, ಅನಿಲದ ಜೊತೆ ಧೂಳೂ ಉರಿದಿದೆ ಎಂದು ಬರೆದುಕೊಟ್ಟರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫ್ರಾನ್ಸಿನ ಕೂರಿಯೇರ್‌ನಲ್ಲಿ 1906ರ ಮಾರ್ಚ್ 10ರಂದು 1099 ಜನ ಸತ್ತ ಮೇಲೆ ಧೂಳಿನ ಮಾತು ಗಟ್ಟಿಯಾಯಿತು. ನಮ್ಮ ಧೋರಿ ಗಣಿಯಲ್ಲಿ 1965ರ ಮೇ 28ರಂದು 268 ಮಂದಿ ಹೋದರು. 2010ರ ಏಪ್ರಿಲ್ 5ರಂದು ಅಮೆರಿಕದ ಅಪ್ಪರ್ ಬಿಗ್ ಬ್ರಾಂಚ್‌ನಲ್ಲಿ ಸಣ್ಣ ಮೀಥೇನ್ ಉರಿ ಧೂಳನ್ನು ಎಬ್ಬಿಸಿಕೊಂಡು 29 ಜನರನ್ನು ಕೊಂದಿತು. ನಾನು ಇದನ್ನೆಲ್ಲ ಗಣಿ ಮೇಲ್ವಿಚಾರಣೆಗೆ ಬಂದ ಹೊಸ ಓವರ್‌ಮನ್‌ಗಳಿಗೆ ಹೇಳುವಾಗ ಅವರ ಮುಂದೆ ಒಂದು ಚಿಟಿಕೆ ಧೂಳು ಇಡುತ್ತೇನೆ. ಹಿಟ್ಟಿಗಿಂತ ನುಣ್ಣಗಿರುತ್ತದೆ, ಬೆರಳಿಗೆ ಹತ್ತಿದರೆ ಗೆರೆಗಳಲ್ಲಿ ಕೂರುತ್ತದೆ.

ನನ್ನ ಪ್ರಶ್ನೆ ಇದು. 2006ರ ಜನವರಿಯಲ್ಲಿ ಸೇಗೋ ಗಣಿಯಲ್ಲಿ ಮುಚ್ಚಿಟ್ಟ ಭಾಗದ ಮೀಥೇನ್ ಸ್ಫೋಟಿಸಿ, ಅಡ್ಡ ಕಟ್ಟಿದ್ದ ಗೋಡೆಗಳಾದ ಸೀಲ್‌ಗಳು ನುಚ್ಚುನೂರಾಗಿ 12 ಜನ ಸತ್ತ ನಂತರ, ಅಮೆರಿಕದ ನಯಾಶ್ (ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಸರ್ಕಾರಿ ಸಂಶೋಧನಾ ಸಂಸ್ಥೆ) 2007ರಲ್ಲಿ ಹೊಸ ಸೀಲ್‌ಗಳಿಗೆ ಒತ್ತಡದ ಮಾನದಂಡ ಸೂಚಿಸಿತು. ಅದರಲ್ಲಿ ಸ್ಥಿರ ಗಾತ್ರದ ಉರಿಗೆ 908 ಕಿಲೋಪಾಸ್ಕಲ್, ಡಿಟೊನೇಶನ್‌ಗೆ 1.76 ಮೆಗಾಪಾಸ್ಕಲ್, ಅದೇ ಗೋಡೆಗೆ ಬಡಿದು ತಿರುಗಿದರೆ 4.5 ಮೆಗಾಪಾಸ್ಕಲ್. ಇವೆಲ್ಲ ಬರೀ ಮೀಥೇನ್-ಗಾಳಿಯ ಲೆಕ್ಕ. ಧೂಳೂ ಸೇರಿದರೆ ಎರಡನೇ ಫ್ರಂಟ್ ಬಂದು ಸೀಲ್‌ಗೆ ಇನ್ನೊಂದು ಪೆಟ್ಟು ಕೊಡುತ್ತದೆಯೇ? ನಿಮ್ಮ ಮಾದರಿ ಇದಕ್ಕೆ ಏನನ್ನುತ್ತದೆ?


ಹಳೇ ಶಾಕ್‌ಟ್ಯೂಬ್

ಗಣಿಯವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅಲ್ಲಿ ಜೀವಗಳ ವಿಷಯ ಇದೆ.

ಕಲ್ಲಿದ್ದಲಿನದು ಬೇರೆ ದಾರಿ. ಅದಕ್ಕೆ ಆಕ್ಸೈಡಿನ ಚಿಪ್ಪಿಲ್ಲ. ಕಾದ ಕಣದಿಂದ ಮೊದಲು ಉರಿಯುವ ಅನಿಲಗಳು ಹೊರಬರುತ್ತವೆ, ಅವು ಉರಿಯುತ್ತವೆ, ಉಳಿದ ಇದ್ದಲು ನಿಧಾನಕ್ಕೆ. ಗಾತ್ರ ನೋಡಿ. ಗಣಿಧೂಳಿನಲ್ಲಿ 75 ಮೈಕ್ರಾನಿನ ಕಣ ಸಾಮಾನ್ಯ. ಬೆಣ್ಣೆನಗರಿಯವರ 10 ಮೈಕ್ರಾನ್ ಕಾಯಲು ಹತ್ತಾರು ಮೈಕ್ರೋಸೆಕೆಂಡ್ ಸಾಕಾದರೆ ಇದಕ್ಕೆ ಅದರ ಹತ್ತಾರು ಪಟ್ಟು ಹಿಡಿಯುತ್ತದೆ. 1800 ಮೀಟರ್/ಸೆಕೆಂಡ್ ವೇಗದಲ್ಲಿ ಓಡುವ ಮೀಥೇನ್ ಡಿಟೊನೇಶನ್‌ಗೆ ಅಷ್ಟು ಹೊತ್ತೆಂದರೆ ಒಂದು ಮೀಟರಿಗಿಂತ ಹೆಚ್ಚು ದೂರ. ಹಾಗಾಗಿ ಮುಂದಿನ ಫ್ರಂಟಿಗೆ ಕಲ್ಲಿದ್ದಲ ಧೂಳು ಇಂಧನವಲ್ಲ, ಶಾಖ ಹೀರುವ ವಸ್ತು. ಸೀಲ್‌ಗೆ ಬಡಿಯುವ ಮೊದಲ ಪೆಟ್ಟು ಅನಿಲದ್ದೇ ಆಗಿರುತ್ತದೆ. ಧೂಳು ಇಂಧನವಾಗುವುದು ಹಿಂದೆ, ನಿಧಾನದ ಉರಿಯಲ್ಲಿ. ನೀವು ಹೇಳಿದ ಅಪಘಾತಗಳಲ್ಲಿ ಅಷ್ಟು ದೂರದವರೆಗೆ ಜನ ಸತ್ತದ್ದಕ್ಕೆ ಕಾರಣ ಆ ನಿಧಾನದ ಉರಿ. ಅದು ಮುಂದೆ ಗಾಳಿ ನೂಕಿ ನೆಲದ ಧೂಳನ್ನು ಎಬ್ಬಿಸಿ, ತನ್ನ ಇಂಧನವನ್ನು ತಾನೇ ಹಾಸಿಕೊಂಡು ಹೋಗುತ್ತದೆ. ಸುರಂಗಕ್ಕೆ ನೀವು ಸುಣ್ಣಕಲ್ಲಿನ ಪುಡಿ ಹಾಕುವುದು ಆ ಉರಿಯ ಶಾಖ ಕದಿಯಲು. ಅಮೆರಿಕದಲ್ಲಿ ಅಪ್ಪರ್ ಬಿಗ್ ಬ್ರಾಂಚ್ ನಂತರ ಉರಿಯದ ಪಾಲು 80 ಪರ್ಸೆಂಟ್ ಇರಬೇಕೆಂದು ಬಿಗಿ ಮಾಡಿದರು. ಪುಡಿ ಹಾಕುವುದನ್ನು ಯಾವ ಮಾದರಿಯ ಮೇಲೂ ಭಾರ ಹಾಕಿ ಕಡಿಮೆ ಮಾಡಬೇಡಿ.

ಇನ್ನೊಂದು ಮಾತು, ಮೀಥೇನ್-ಗಾಳಿಯ ಡಿಟೊನೇಶನ್ ಸೆಲ್ (ಗ್ರಿಡ್ ಸೆಲ್ ಅಲ್ಲ, ಅಲೆಯಲ್ಲೇ ಮೂಡುವ ಮೀನಿನ ಹುರುಪೆಯಂಥ ವಿನ್ಯಾಸ) ಅಗಲ ಸುಮಾರು 0.3 ಮೀಟರ್. ಐದು ಸೆಂಟಿಮೀಟರ್ ಕೊಳವೆಯಲ್ಲಿ ಅದು ನಿಲ್ಲಲಿಲ್ಲವೆಂದು ಗಣಿಯಲ್ಲಿ ಆಗುವುದಿಲ್ಲ ಎನ್ನಲಾಗದು. ಸುರಂಗದ ಅಗಲ ಅದಕ್ಕೆ ಬೇಕಾದಷ್ಟಿದೆ.

ಇನ್ನು ಬೆಣ್ಣೆನಗರಿಯವರ ಕಸಿವಿಸಿ. ಅದು ಈ ವಿಷಯದ ನಡುಮನೆಗೇ ಬಂದಿದೆ. ಎರಡನೇ ಫ್ರಂಟ್ ಇದೆ ಎಂಬುದನ್ನು ನಿಮ್ಮ ಮಾದರಿ ಹೇಳುತ್ತದೆ, ಅದನ್ನು ಧೈರ್ಯವಾಗಿ ಬರೆಯಿರಿ. ಎಲ್ಲಿದೆ ಎಂಬುದನ್ನು ಹೇಳುತ್ತಿರುವುದು ಹೊತ್ತಿಕೊಳ್ಳುವ ತಾಪ, ಅದನ್ನು ಆರಿಸಿದವರು ನೀವು.

ಅಲ್ಯೂಮಿನಿಯಂ ಕಣದ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಚಿಪ್ಪಿರುತ್ತದೆ. ಆ ಆಕ್ಸೈಡ್ ಕರಗುವುದು ಸುಮಾರು 2300 ಕೆಲ್ವಿನ್‌ನಲ್ಲಿ. ದಪ್ಪ ಕಣ ಸುಮ್ಮನಿರುವ ಬಿಸಿ ಅನಿಲದಲ್ಲಿ ಹೆಚ್ಚುಕಡಿಮೆ ಅಲ್ಲಿಯವರೆಗೂ ಕಾಯುತ್ತದೆ. ಆದರೆ ಶಾಕ್ ಹಿಂದಿನ ಲೋಕ ಬೇರೆ. ಒಳಗಿನ ಲೋಹ 933ರಲ್ಲಿ ಕರಗಿ ಹಿಗ್ಗುತ್ತದೆ, ಚಿಪ್ಪು ಸೀಳುತ್ತದೆ. ಸಾವಿರ ಮೀಟರ್ ವೇಗದ ಗಾಳಿ ಕರಗಿದ ಹನಿಯನ್ನು ಎಳೆದಾಡುತ್ತದೆ. ಅದಕ್ಕೇ 1350 ಎಂಬ ಸಂಖ್ಯೆ ಪ್ರಯೋಗದ ಜೊತೆ ಹೊಂದಿಕೊಂಡಿತು. ಅದನ್ನು ಅಲ್ಯೂಮಿನಿಯಂನ ಗುಣವೆಂದು ಓದಬೇಡಿ. ಆ ಹರಿವಿನಲ್ಲಿ, ಆ ಪುಡಿಯಲ್ಲಿ, ಆ ಗಾತ್ರದಲ್ಲಿ ಕೆಲಸ ಮಾಡಿದ ಒಂದು ಅಳವಡಿಕೆ ಎಂದು ಓದಿ. 

ಪುಡಿ ಅಂದೆನಲ್ಲ. ಡಬ್ಬದ ಮೇಲೆ 10 ಮೈಕ್ರಾನ್ ಎಂದಿದ್ದರೆ ಕೊಳವೆಯಲ್ಲಿ ಅದು 10 ಮೈಕ್ರಾನ್ ಆಗಿಯೇ ತೇಲುತ್ತದೆ ಎಂದಲ್ಲ. ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿರುವುದು ಕಾಣುತ್ತದೆ. ದೊಡ್ಡ ಕಣದ ಸುತ್ತ ಮರಿ ಕಣಗಳು ಕೂತಿರುತ್ತವೆ. ಬಣ್ಣದ ಉದ್ಯಮಕ್ಕೆ ಮಾಡಿದ ಪದರದ ಪುಡಿಯಾದರೆ ಅಗಲ ಹತ್ತಾರು ಮೈಕ್ರಾನ್, ದಪ್ಪ ಒಂದಕ್ಕಿಂತ ಕಡಿಮೆ. ಅದು ಕಾಯುವ ಲೆಕ್ಕಕ್ಕೆ ತೆಳ್ಳಗಿನ ಕಣ, ಅಂಗಡಿಯ ಲೆಕ್ಕಕ್ಕೆ ದಪ್ಪ ಕಣ. ನಾನು ಶಾಕ್‌ಟ್ಯೂಬಿನಲ್ಲಿ ಕೆಲಸ ಮಾಡುತ್ತಿದ್ದಾಗ ಪ್ರತಿ ಶಾಟ್ ಆದ ಮೇಲೆ ತುದಿಯ ಫ್ಲೇಂಜ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ ನೋಡುವುದು ರೂಢಿ. ಲೋಹ ಪೂರ್ತಿ ಉರಿದ ಕಡೆ ಗೋಡೆ ಸುಣ್ಣ ಬಳಿದಂತೆ ಬಿಳಿ, ಅರೆಬರೆ ಉರಿದ ಕಡೆ ಬೂದು. ಬೂದು ಪಟ್ಟೆ ಎಲ್ಲಿ ಶುರುವಾಗುತ್ತದೆ ಎಂಬುದು ಗೇಜ್ ಕೊಟ್ಟ ಸಂಖ್ಯೆಯಷ್ಟೇ ನನಗೆ ಮುಖ್ಯವಾಗಿತ್ತು.

ಹಾಗೆಂದು ಈ ಪುಡಿಯನ್ನು ನಿಮ್ಮ ಲ್ಯಾಬಿನಲ್ಲಿ ಹಗುರವಾಗಿ ತೆಗೆದುಕೊಳ್ಳಬೇಡಿ. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಚಕ್ರದ ಹಬ್ ಪಾಲಿಶ್ ಮಾಡುವ ಕಾರ್ಖಾನೆ ಸ್ಫೋಟಿಸಿ, ಆಮೇಲೆ ಆಸ್ಪತ್ರೆಯಲ್ಲಿ ಸತ್ತವರೂ ಸೇರಿ 146 ಜನ ಹೋದರು. ಅಲ್ಲಿ ಧೂಳು ಸಂಗ್ರಹಿಸುವ ಡಬ್ಬದೊಳಗಿನ ಅಲ್ಯೂಮಿನಿಯಂಗೆ ತೇವ ತಾಗಿ ತಾನಾಗಿ ಕಾದಿತ್ತು. ಅಲ್ಯೂಮಿನಿಯಂಗೆ ನೀರು ತಾಗಿದರೆ ಹುಟ್ಟುವುದು ಹೈಡ್ರೋಜನ್. ಹೈಬ್ರಿಡ್ ಮಿಶ್ರಣವನ್ನು ಯಾರೂ ಬೇಕೆಂದು ಮಾಡಬೇಕಿಲ್ಲ, ಒದ್ದೆ ಡಬ್ಬ ಸಾಕು. ಅದು ಡಿಟೊನೇಶನ್ ಆಗಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.


ಗ್ರಿಡ್‌ಗಾರ

ಒಂದು ಸಂಶಯ. 1-ಡಿ ಆಯಿತು, ಮುಂದಿನ ಹೆಜ್ಜೆ 2-ಡಿ, ಡಿಟೊನೇಶನ್ ಸೆಲ್ ರಚನೆ ನೋಡಬೇಕು. ಆಗಲೂ 10 ಮೈಕ್ರಾನ್ ಗ್ರಿಡ್ ಹಾಕಿದರೆ ಕಣದಷ್ಟೇ ಅಗಲದ ಸೆಲ್ ಆಗುತ್ತದಲ್ಲ. ಕಣಗಳನ್ನು ಫ್ಲೂಯಿಡ್ ಎನ್ನುವ ಮಾತು ಅಲ್ಲಿ ಸರಿಹೋಗುತ್ತದೆಯೇ?


ಹಳೇ ಶಾಕ್‌ಟ್ಯೂಬ್

ಸರಿಹೋಗುವುದಿಲ್ಲ, ಒಳ್ಳೆಯ ಕಡೆ ಕೈ ಇಟ್ಟಿರಿ. ಲೆಕ್ಕ ಹಾಕಿ. 10 ಮೈಕ್ರಾನಿನ ಒಂದು ಕಣದ ತೂಕ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದೂವರೆ ಪಾಲಿನಷ್ಟು. ಘನ ಮೀಟರಿಗೆ 100 ಗ್ರಾಂ ಎಂದರೆ ಸುಮಾರು ಏಳು ಸಾವಿರ ಕೋಟಿ ಕಣ. ಕೇಳಲು ಬಹಳ, ಆದರೆ ಕಣದಿಂದ ಕಣಕ್ಕೆ ಸರಾಸರಿ ದೂರ 0.24 ಮಿ.ಮೀ. ನಿಮ್ಮ ಇಂಡಕ್ಷನ್ ಉದ್ದ 0.2. ಅಂದರೆ ಹೈಡ್ರೋಜನ್ ಹೊತ್ತಿಕೊಳ್ಳುವ ಆ ತೆಳು ಪದರದ ಮಟ್ಟಿಗೆ ಧೂಳು ಮೋಡವಲ್ಲ, ಅಲ್ಲೊಂದು ಇಲ್ಲೊಂದು ಕಣ. ಗಾತ್ರದಲ್ಲಿ ಅದು ಆಕ್ರಮಿಸುವ ಜಾಗ ಲಕ್ಷಕ್ಕೆ ನಾಲ್ಕು ಪಾಲೂ ಇಲ್ಲ.

1-ಡಿಯಲ್ಲಿ ನಾವು ಬಚಾವಾಗುವುದು ಕೊಳವೆಯ ಅಡ್ಡಕೊಯ್ತದ ಮೇಲೆ ಸರಾಸರಿ ತೆಗೆಯುವುದರಿಂದ. ಐದು ಸೆಂ.ಮೀ. ಕೊಳವೆಯಲ್ಲಿ 10 ಮೈಕ್ರಾನ್ ದಪ್ಪದ ಬಿಲ್ಲೆಯೊಳಗೂ ಸಾವಿರಕ್ಕಿಂತ ಹೆಚ್ಚು ಕಣ ಸಿಗುತ್ತವೆ. 3-ಡಿಯ ಒಂದು ಸೆಲ್‌ನಲ್ಲಾದರೆ ಹತ್ತು ಸಾವಿರಕ್ಕಿಂತ ಹೆಚ್ಚು ಸೆಲ್ ಹುಡುಕಿದರೆ ಒಂದು ಕಣ. ಆದ್ದರಿಂದ ಅನಿಲಕ್ಕೆ ಸಣ್ಣ ಗ್ರಿಡ್ ಇರಲಿ, ಕಣದಿಂದ ಅನಿಲಕ್ಕೆ ಹೋಗುವ ಶಾಖ, ಎಳೆತವನ್ನು ಒಂದು ಮಿಲಿಮೀಟರ್ ಮೀರಿದ ಅಗಲದಲ್ಲಿ ಹಂಚಿ ಹಾಕಿ. ಹೈಡ್ರೋಜನ್-ಗಾಳಿಯ ಡಿಟೊನೇಶನ್ ಸೆಲ್ ಒಂದು ಸೆಂ.ಮೀ. ಆಸುಪಾಸಿನದು. ಒಂದು ಘನ ಸೆಂಟಿಮೀಟರಿನಲ್ಲಿ ಎಪ್ಪತ್ತು ಸಾವಿರ ಕಣ ಇರುವುದರಿಂದ ಆ ಮಟ್ಟದಲ್ಲಿ ಫ್ಲೂಯಿಡ್ ಅನ್ನುವುದು ಸುಳ್ಳಾಗುವುದಿಲ್ಲ. ಕಣಗಳನ್ನು ಲಗ್ರಾಂಜಿಯನ್ ಮಾಡಿದರೂ (ಒಂದೊಂದಾಗಿ ಹಿಂಬಾಲಿಸಿದರೂ) ಈ ಹಂಚಿಕೆ ತಪ್ಪಿದ್ದಲ್ಲ.

ಬೆಣ್ಣೆನಗರಿಯವರೇ, 2-ಡಿಗೆ ಹೋಗುವ ಮುಂಚೆ 1-ಡಿಯಲ್ಲೇ ಒಂದು ಚಿತ್ರ ಮಾಡಿ. ಅಡ್ಡಕ್ಕೆ ಹೊತ್ತಿಕೊಳ್ಳುವ ತಾಪ, 1000ದಿಂದ 2300ರವರೆಗೆ. ಉದ್ದಕ್ಕೆ ಎರಡು ಫ್ರಂಟ್‌ಗಳ ನಡುವಿನ ಅಂತರ. 5, 10, 15 ಮೈಕ್ರಾನಿಗೆ ಬೇರೆ ಬೇರೆ ಗೆರೆ. ಪ್ರಯೋಗದವರ ಒಂದು ಅಂತರ ಸಿಕ್ಕರೆ ಅದನ್ನು ಆ ಗೆರೆಗಳ ಮೇಲೆ ಅಡ್ಡ ಎಳೆಯಿರಿ. ಯಾವ ಗಾತ್ರ, ಯಾವ ತಾಪದ ಜೋಡಿಗಳು ಅದಕ್ಕೆ ಹೊಂದುತ್ತವೆ ಎಂಬುದು ಅಲ್ಲಿ ಕಾಣುತ್ತದೆ. ಒಂದಕ್ಕಿಂತ ಹೆಚ್ಚು ಜೋಡಿ ಹೊಂದುವುದು ಖಂಡಿತ. ಅಷ್ಟನ್ನೂ ಪೇಪರಿನಲ್ಲಿ ಹಾಕಿ, ಒಂದೇ ಒಂದನ್ನು ಆರಿಸಿ ಹಾಕಬೇಡಿ. ಅನಿಲದ ಒಂದೇ ಹಂತದ ಕ್ರಿಯೆಯನ್ನೂ ಆಗಲೇ ಬದಲಿಸಿಬಿಡಿ. ಎರಡನೇ ಫ್ರಂಟಿನ ಹಿಂದೆ ತಾಪ ಮೂರು ಸಾವಿರ ಕೆಲ್ವಿನ್ ಮೀರುತ್ತದೆ, ಅಲ್ಲಿ ನೀರಾವಿ ಒಡೆಯುವುದನ್ನು ಬಿಟ್ಟರೆ ಒತ್ತಡ ಹೆಚ್ಚಾಗಿಯೇ ಬರುತ್ತದೆ.